ನಲವತ್ತೈದು ಕಿಲೋ ಅಮ್ಮ

“ನಲವತ್ತೈದು!” ಮುಳ್ಳು ನಿಂತದ್ದನ್ನು ನೋಡಿ ನಾನು ಕೂಗಿದೆ. ಹಿಂದಿನ ಭಾನುವಾರ ಅಮ್ಮ ನಲವತ್ತೆರಡು ಕಿಲೋ ಇದ್ದಳು. ತೂಕ ಏರದಿದ್ದರೆ ಕ್ಷಯದ ಮದ್ದು ಹಿಡಿಯುತ್ತಿಲ್ಲವೆಂದು ಅರ್ಥ, ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಆಗ ದೇರೆಬೈಲಿನ ನಮ್ಮ ಓಣಿಯಲ್ಲಿ ತೂಕದ ಯಂತ್ರ ಇದ್ದದ್ದು ಪಕ್ಕದ ಮನೆಯ ಲಿಲ್ಲಿ ಬಾಯಿಯವರಲ್ಲಿ ಮಾತ್ರ. ಅವರ ಗಂಡ ದುಬೈಯಿಂದ ತಂದದ್ದು. ಪ್ರತಿ ಭಾನುವಾರ ನಾನು ಅದನ್ನು ಎರವಲು ಕೇಳಿ ಮನೆಗೆ ತರುತ್ತಿದ್ದೆ.

ಓಡಿಹೋಗಿ ಲಿಲ್ಲಿ ಬಾಯಿಯವರಿಗೆ ಸುದ್ದಿ ಹೇಳಿದೆ. ಅವರು ಹಣೆ ಚಚ್ಚಿಕೊಂಡರು.

“ಅಯ್ಯೋ ಮಾರಾಯ್ರೆ, ಹೇಳಲಿಕ್ಕೆ ಮರೆತೆ. ಮೊನ್ನೆ ಇವರ ಸೂಟ್‌ಕೇಸ್ ತೂಗುವಾಗ ಮುಳ್ಳನ್ನು ಮೂರು ಕಿಲೋ ಮುಂದೆ ತಿರುಗಿಸಿ ಇಟ್ಟದ್ದು. ವಿಮಾನದವರ ಹತ್ತಿರ ತೂಕ ಹೆಚ್ಚಾದರೆ ಉಪ್ಪಿನಕಾಯಿ ಅಲ್ಲೇ ಬಿಟ್ಟು ಹೋಗಬೇಕಲ್ಲ!”

ಉಪ್ಪಿನಕಾಯಿಯ ಮೇಲಿದ್ದ ಜಾಗ್ರತೆ ನಮ್ಮ ಅಮ್ಮನ ಮೇಲಿಲ್ಲ! ಸಿಟ್ಟು ನುಂಗಿಕೊಂಡು ಮನೆಗೆ ಬಂದು, ಮುಳ್ಳನ್ನು ಸೊನ್ನೆಗೆ ತಂದು, ಐದು ಕಿಲೋ ಕುಚ್ಚಲಕ್ಕಿ ಇಟ್ಟು ಪರೀಕ್ಷಿಸಿ, ಅಮ್ಮನನ್ನು ಮತ್ತೆ ಕರೆದೆ.

“ನಾನಿನ್ನು ಹತ್ತುವುದಿಲ್ಲ,” ಎಂದಳು. “ಈ ವಾರ ನಲವತ್ತೈದೇ ಇರಲಿ ಮಗಾ.”

ಮುಂದೆ ಅಮ್ಮ ಗುಣವಾದಳು, ತೂಕವೂ ನಿಜವಾಗಿ ಏರಿತು. ಯಾವಾಗ, ಎಷ್ಟು ಎಂದು ಕೇಳಿದರೆ ನನಗೆ ನೆನಪಾಗುವುದು ಮಾತ್ರ ಆ ಸುಳ್ಳು ನಲವತ್ತೈದು.