ಹೆಡ್‌ಲೈಟಿನೊಳಗಿನ ಕೈಬರಹ

ಆ ಹೆಂಗಸನ್ನು ನಮ್ಮ ಬೀದಿಯವರೆಲ್ಲ ವೈರಕ್ಕ ಅಂತಲೇ ಕರೆಯುವುದು. ಟೈರ್ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಸಿಕ್ಕಿಕೊಂಡ ಹಾಗಿರುವ ಅಂಗಡಿ ಅವರದು. ಗಂಡ ಬ್ಯಾಟರಿ ಚಾರ್ಜ್ ಮಾಡುತ್ತಾನೆ, ಹೆಂಡತಿ ಗಾಡಿಗಳ ವೈರಿಂಗ್ ನೋಡುತ್ತಾಳೆ. ಮದುವೆಯಾದ ಹೊಸತರಲ್ಲಿ ಗಂಡನಿಗೆ, ಕರೆಂಟು ಬರುತ್ತಿದೆಯೇ ಎಂದು ನೋಡುವ ಟೆಸ್ಟ್ ಲ್ಯಾಂಪ್ ಹಿಡಿದು ನಿಲ್ಲುತ್ತಿದ್ದವಳು, ಎರಡೇ ವರ್ಷಕ್ಕೆ ಅವನ ಕೈಯಿಂದ ಇಕ್ಕಳ ಕಿತ್ತುಕೊಂಡಳು. "ನನ್ನ ಅಂಗಡೀಲಿ ನಾನೇ ಹೆಲ್ಪರ್ ಆದೆ" ಎಂದು ಅವನು ಬಂದವರೆದುರೆಲ್ಲ ಹೇಳಿಕೊಂಡು ನಗುತ್ತಿದ್ದ.

ಅವಳು ಎಡಚಿ. ವೈರಿಗೆ ಟೇಪು ಸುತ್ತುವುದೂ ಎಲ್ಲರಿಗಿಂತ ತಿರುಗುಮುರುಗು. ಸುತ್ತಿದ ಮೇಲೆ ತುದಿಗೆ ಬಿಳಿ ದಾರದ ಒಂದು ಗಂಟು. ಪ್ರತಿ ವೈರಿಗೂ ಅದು ಯಾವುದೆಂದು ಸಣ್ಣ ಚೀಟಿಯಲ್ಲಿ ಬರೆದು ಮೇಲೆ ಪಾರದರ್ಶಕ ಟೇಪು ಅಂಟಿಸುವುದು ಅವಳ ಪದ್ಧತಿ. ಇನ್ನು ಬಾಯಿ ಅಂತೂ ಕೈಗಿಂತ ಚುರುಕು. ಕೆಲಸಕ್ಕೆ ಕೂತರೆ ಗಾಡಿಯನ್ನೂ ಗಂಡನನ್ನೂ ಗಾಡಿಯ ಮಾಲೀಕನನ್ನೂ ಒಟ್ಟಿಗೆ ಬೈಯುತ್ತಾ ಇರುತ್ತಾಳೆ. ಅವಳ ದನಿ ಕೇಳಿಸುತ್ತಿದೆ ಎಂದರೆ ಅಂಗಡಿ ತೆರೆದಿದೆ ಎಂದರ್ಥ.

ಒಂದು ದಿನ ಬೆಳಿಗ್ಗೆ ಡ್ರಾಯಿಂಗ್ ಮೇಷ್ಟ್ರು ತಮ್ಮ ಹಳೆಯ ಮೋಟಾರ್ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಭಾವನ ಮನೆಯ ಶೆಡ್ಡಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಗಾಡಿ. ಹತ್ತು ತಿಂಗಳು ಕೂತು ಒಂದೊಂದೇ ಭಾಗ ಬಿಚ್ಚಿ, ಉಜ್ಜಿ, ಚೌಕಟ್ಟಿಗೆ ಹೊಸದಾಗಿ ಕಪ್ಪು ಬಣ್ಣ ಹೊಡೆಸಿ, ಟ್ಯಾಂಕಿಗೆ ಹೊಂಬಣ್ಣದ ಗೆರೆ ಎಳೆದಿದ್ದರು. ನೋಡಿದರೆ ಷೋರೂಮಿನಿಂದ ಈಗ ತಾನೇ ಇಳಿಸಿದ ಹಾಗಿತ್ತು. ಆದರೆ ಮೇಷ್ಟ್ರ ಮುಖದಲ್ಲಿ ಕಳೆ ಇರಲಿಲ್ಲ.

"ಅಕ್ಕಾ, ಇದು ಗಾಡಿ ಥರ ಆಡ್ತಿಲ್ಲ. ಬ್ರೇಕ್ ಒತ್ತಿದ್ರೆ ಮೀಟರ್ ದೀಪ ಹತ್ತುತ್ತೆ. ದೀಪ ಹಾಕಿದ್ರೆ ಹಾರ್ನ್ ನರಳುತ್ತೆ. ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ವಿ, ಗಾಡಿ ಹತ್ರ ಯಾರೂ ಇಲ್ಲ, ಹೊರಗಡೆ ತಾನಾಗೇ ಕೂಗ್ತು. ನಮ್ಮನೆಯವಳು ಇದನ್ನ ಗೇಟಿನ ಹೊರಗೆ ನಿಲ್ಲಿಸಿ ಅಂತಾಳೆ. ಇಬ್ಬರು ಮೆಕ್ಯಾನಿಕ್‌ಗಳು ಕೈ ಎತ್ತಿದ್ರು."

"ಅವರಿಗೆ ಕೈ ಎತ್ತೋದೊಂದೇ ಬರೋದು, ಮೇಷ್ಟ್ರೇ" ಎಂದಳು ವೈರಕ್ಕ. "ಬಿಡಿ, ಅದರ ದೆವ್ವ ನಾನು ಬಿಡಿಸ್ತೀನಿ."

ಆರು ವೋಲ್ಟಿನ ಬ್ಯಾಟರಿ ಸರಿಯಾಗಿತ್ತು. ಟೆಸ್ಟ್ ಲ್ಯಾಂಪಿನ ಎರಡು ತುದಿಗಳನ್ನು ಬ್ಯಾಟರಿಗೇ ಹಿಡಿದರೆ ಬಲ್ಬು ಚೆನ್ನಾಗಿ ಉರಿಯಿತು. ಒಂದು ತುದಿಯನ್ನು ತೆಗೆದು ಗಾಡಿಯ ಚೌಕಟ್ಟಿಗೆ ಮುಟ್ಟಿಸಿದಾಗ ಮಾತ್ರ ಆರಿಹೋಗುತ್ತಿರುವ ಕೆಂಡದ ಹಾಗೆ ಕೆಂಪಗಾಯಿತು. ಅವಳಿಗೆ ಅರ್ಧ ಅರ್ಥವಾಯಿತು. ದೀಪಕ್ಕೆ ಹೋದ ಕರೆಂಟು ಚೌಕಟ್ಟಿನ ಮೂಲಕ ಬ್ಯಾಟರಿಗೆ ಹಿಂದಿರುಗಬೇಕು. ಎಲ್ಲೋ ಅರ್ತ್ ಕಡಿದುಹೋಗಿದೆ. ವಾಪಸು ಹೋಗಲು ದಾರಿ ಸಿಗದ ಕರೆಂಟು ಹಾರ್ನಿನೊಳಗೂ ಬೇರೆ ದೀಪಗಳೊಳಗೂ ನುಗ್ಗಿ ನೋಡುತ್ತಿದೆ. ಮೇಷ್ಟ್ರಿಗೆ ಅದನ್ನೇ ಹೇಳುತ್ತಾ, ಪೇಂಟ್ ಹೊಡೆದವನನ್ನು ಬೈಯುತ್ತಾ ಅವಳು ಹೆಡ್‌ಲೈಟಿನ ಸ್ಕ್ರೂ ಬಿಚ್ಚಿ ಗಾಜನ್ನು ಕೆಳಗಿಟ್ಟಳು.

ಮಾತು ಅಲ್ಲಿಗೇ ನಿಂತಿತು.

ಹೆಡ್‌ಲೈಟಿನ ಬಟ್ಟಲಿನೊಳಗೆ ವೈರುಗಳು ಒತ್ತಾಗಿ ತುಂಬಿದ್ದವು. ಒಂದೊಂದಕ್ಕೂ ಎಡಗೈಯಲ್ಲಿ ಸುತ್ತಿದ ಟೇಪು. ಒಂದೊಂದರ ತುದಿಗೂ ಬಿಳಿ ದಾರದ ಗಂಟು, ಈಗ ಹಳದಿಗೆ ತಿರುಗಿತ್ತು. ಟೇಪಿನ ಕೆಳಗೆ ಚೀಟಿಗಳು: ಹಾರ್ನ್, ಬ್ರೇಕ್, ಹಿಂದಿನ ದೀಪ. ಅಕ್ಷರಗಳಿಗೆ ತಲೆಕಟ್ಟೇ ಇಲ್ಲ. ಶಾಲೆಯಲ್ಲಿ ಎಷ್ಟು ಪೆಟ್ಟು ತಿಂದರೂ ತಲೆಕಟ್ಟು ಹಾಕಲು ಕಲಿಯದಿದ್ದವಳು ಅವಳು.

ಆ ಗಾಡಿಯನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ತಾನು ರಿಪೇರಿ ಮಾಡಿದ ಗಾಡಿಯನ್ನು ಅವಳು ಮರೆತದ್ದೂ ಇಲ್ಲ. ಇಪ್ಪತ್ತು ವರ್ಷದ ಹಿಂದಿನ ಸ್ಕೂಟರಿನ ನಂಬರನ್ನೂ ಹೇಳಬಲ್ಲವಳು.

ಬಟ್ಟಲಿನ ತಳದಲ್ಲಿ ದಪ್ಪನೆಯ ಕಪ್ಪು ವೈರೊಂದು ಎಲ್ಲಿಗೂ ಸೇರದೆ ಮಡಚಿ ಬಿದ್ದಿತ್ತು. ಪೇಂಟ್ ಹೊಡೆಯುವಾಗ ಬಿಚ್ಚಿದವನು ಮತ್ತೆ ಜೋಡಿಸದೆ ಒಳಗೆ ತುರುಕಿದ್ದ. ಅರ್ತ್ ವೈರ್ ಅದೇ. ಅದರ ಚೀಟಿ ಮಾತ್ರ ಬೇರೆಯವುಗಳಿಗಿಂತ ಉದ್ದವಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದು ಓದಿದಳು.

"ಇದು ಕಳಚಿದರೆ ಎಲ್ಲವೂ ದಾರಿ ತಪ್ಪುತ್ತದೆ."

ಹೊರಗೆ ಸುಡುವ ಬಿಸಿಲು. ಟೈರ್ ಅಂಗಡಿಯ ಕಂಪ್ರೆಸರ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ತಾನು ಇಲ್ಲದಿದ್ದ ಜಾಗದಲ್ಲಿ ತನ್ನ ಕೈ ಕೆಲಸ ಮಾಡಿ ಹೋಗಿತ್ತು.

"ಮೇಷ್ಟ್ರೇ, ನಿಮ್ಮ ಭಾವನಿಗೊಂದು ಫೋನ್ ಹಚ್ಚಿ. ಇದರ ವೈರಿಂಗ್ ಯಾರು ಮಾಡಿದ್ದು ಕೇಳಿ."

ಮೇಷ್ಟ್ರು ಸ್ಪೀಕರ್ ಹಾಕಿದರು. ಆ ಕಡೆಯಿಂದ ಭಾವನ ದನಿ ನಗುತ್ತಾ ಬಂತು. "ವೈರಿಂಗಾ? ಹಳೇ ಸಂತೆಕಟ್ಟೆ ಹತ್ರ ಒಂದು ಬ್ಯಾಟರಿ ಅಂಗಡಿ ಇತ್ತಲ್ಲ, ಅಲ್ಲೊಬ್ಬ ಹೆಂಗಸು ಮಾಡ್ತಿದ್ಳು. ಹದಿನಾರು ವರ್ಷ ಆಗಿರ್ಬೇಕು. ಎಂಥಾ ಕೆಲಸ ಅಂತೀಯ! ಆದ್ರೆ ಪಾಪ, ಏನೋ ಆಗಿತ್ತು ಅವಳಿಗೆ. ತುಟಿ ಬಿಚ್ಚಿ ಒಂದು ಮಾತಿಲ್ಲ. ದಿನವಿಡೀ ಸಣ್ಣಗೆ ಸಿಳ್ಳೆ ಹಾಕ್ಕೊಂಡು ಕೂತಿರೋಳು. ಅವಳು ಕಣ್ಣೆತ್ತಿ ನೋಡಿದ್ರೆ ನಮ್ಮ ಬೆನ್ನ ಹಿಂದೆ ಯಾರೋ ನಿಂತಿದ್ದಾರೇನೋ ಅನ್ಸೋದು. ಈಗ ಇದ್ದಾಳಾ ಆಯಮ್ಮ?"

ಮೇಷ್ಟ್ರು ವೈರಕ್ಕನ ಮುಖ ನೋಡಿದರು. ಆಮೇಲೆ ಫೋನ್ ಇಟ್ಟು, ಸಂಜೆ ಬರುತ್ತೇನೆಂದು ಮೆತ್ತಗೆ ಹೊರಟುಹೋದರು.

ಸಂತೆಕಟ್ಟೆಯ ಹತ್ತಿರದ ಅಂಗಡಿ ಇವರದೇ. ಹದಿನಾರು ವರ್ಷದ ಹಿಂದೆ ಅವಳಿಗೆ ಮೆದುಳು ಜ್ವರ ಬಂದಿತ್ತು. ಆಗ ಎರಡು ತಿಂಗಳು ನೀನು ಪ್ರಜ್ಞೆ ಇಲ್ಲದೆ ಮಲಗಿದ್ದೆ ಎಂದು ಗಂಡ ಹೇಳಿದ್ದ. ಎದ್ದು ಓಡಾಡುವ ಹೊತ್ತಿಗೆ ಅಂಗಡಿ ಊರಿನ ಈ ತುದಿಗೆ ಬಂದಿತ್ತು. ಕಟ್ಟಡದವರು ಖಾಲಿ ಮಾಡಿಸಿದರು ಎಂದಿದ್ದ. ಅವಳು ನಂಬಿದ್ದಳು.

ಅವಳು ತುಟಿ ಕೂಡಿಸಿ ಊದಿ ನೋಡಿದಳು. ಬರೀ ಗಾಳಿ. ಅವಳಿಗೆ ಸಿಳ್ಳೆ ಹಾಕಲು ಬರುವುದಿಲ್ಲ, ಚಿಕ್ಕಂದಿನಿಂದಲೂ.

ಗಂಡ ಬ್ಯಾಟರಿಗೆ ನೀರು ಹಾಕುತ್ತಾ ಕೂತಿದ್ದ. ಅವಳು ಹೆಡ್‌ಲೈಟಿನ ಕಡೆ ಕೈ ತೋರಿಸಿದಳು. ಅವನು ಬಂದು ಬಗ್ಗಿ ನೋಡಿದ.

"ರೀ, ನಾನು ಮಲಗಿರಲಿಲ್ಲ ಅಲ್ವಾ?"

"ಇಲ್ಲ."

"ಹೇಳಿ ಮತ್ತೆ."

ಅವನು ಸ್ಟೂಲ್ ಎಳೆದುಕೊಂಡು ಕೂತ. "ಜ್ವರ ಇಳೀತು. ನೀನು ಎದ್ದು ಕೂತೆ. ಆದ್ರೆ ನೀನಲ್ಲ. ಮಗಳನ್ನ ನೋಡಿ 'ಯಾರ ಮಗು ಇದು, ಪಾಪ ಅಳ್ತಿದೆ' ಅಂದೆ. ಅವತ್ತೇ ನಾನು ಅವಳನ್ನ ಚಿಕ್ಕಮ್ಮನ ಮನೆಗೆ ಕಳಿಸಿದೆ. ಮನೇಲಿದ್ರೆ ಗೋಡೆ ಸವರ್ಕೊಂಡು ಬಾಗಿಲು ಹುಡುಕ್ತಿದ್ದೆ. ಡಾಕ್ಟ್ರು, ಕೈಗೆ ಗೊತ್ತಿರೋ ಕೆಲಸ ಕೊಟ್ಟು ನೋಡಿ ಅಂದ್ರು. ಅಂಗಡಿಗೆ ಕರ್ಕೊಂಡು ಬಂದೆ. ವೈರ್ ಕೈಗೆ ಬಂದಿದ್ದೇ ತಡ, ಸುಮ್ಮನಾದೆ. ಕೈ ಏನೂ ಮರೆತಿರಲಿಲ್ಲ."

"ನಾನು ನಿಮ್ಮನ್ನ ಗುರುತು ಹಿಡಿದ್ನಾ?"

"'ಯಜಮಾನ್ರೇ' ಅಂತ ಕರೆದೆ. ನನಗೆ ಮೊದಲು ಖುಷಿ ಆಯ್ತು, ಗಂಡ ಅಂತ ಗೊತ್ತಾಯ್ತಲ್ಲ ಅಂತ. ಎರಡು ದಿನ ಕಳೆದ ಮೇಲೆ ತಿಳೀತು, ಅಂಗಡಿ ಯಜಮಾನ ಅನ್ನೋ ಅರ್ಥದಲ್ಲಿ ಕರೀತಿದ್ದೆ. ನೀನು ನನ್ನ ಹತ್ರ ಕೆಲಸಕ್ಕೆ ಸೇರಿದ ಹೆಂಗಸು ಅಂದ್ಕೊಂಡಿದ್ದೆ." ಅವನು ಕೈ ಒರೆಸಿಕೊಂಡ. "ದಿನಾ ಸಂಜೆ ಷಟರ್ ಎಳೆಯೋವಾಗ ಕೇಳೋಳು, 'ನಾನೀಗ ಎಲ್ಲಿಗೆ ಹೋಗ್ಬೇಕು ಯಜಮಾನ್ರೇ?' ಅಂತ. 'ನಮ್ಮನೇಲೇ ಊಟ ಮಾಡಿ, ಅಲ್ಲೇ ಅಮ್ಮನ ಕೋಣೇಲಿ ಮಲಕ್ಕೊಳ್ಳಿ' ಅಂತಿದ್ದೆ. ಬಹುವಚನದಲ್ಲೇ. ಏಕವಚನದಲ್ಲಿ ಮಾತಾಡಿದ್ರೆ ಹೆದರ್ಕೊಳ್ಳೋಳು."

ಅವನು 'ಕೇಳ್ತಿದ್ದೆ' ಅನ್ನುವುದನ್ನು ಬಿಟ್ಟು 'ಕೇಳೋಳು' ಎಂದದ್ದು ವೈರಕ್ಕನ ಗಮನಕ್ಕೆ ಬಂತು.

"ಆಮೇಲೆ?"

"ಐವತ್ತೆಂಟನೇ ದಿನ ಬೆಳಿಗ್ಗೆ ಎದ್ದು, ಕಾಫಿ ಯಾಕೆ ಹೀಗೆ ಕೆಸರು ಕೆಸರಾಗಿದೆ ಅಂತ ನನ್ನ ಮೇಲೆ ಹರಿಹಾಯ್ದೆ. ಆಗ ನಾನು ಅಳ್ತಾ ಕೂತಿದ್ದು ನಿನಗೆ ನೆನಪಿರ್ಬೇಕು. ಬೈಸಿಕೊಂಡಿದ್ದಕ್ಕೆ ನಾನು ಅತ್ತೆ ಅಂತ ನೀನು ಅಂದ್ಕೊಂಡೆ."

"ಯಾಕ್ರೀ ಹೇಳ್ಲಿಲ್ಲ ಇಷ್ಟು ವರ್ಷ?"

"ಅವಳ ಮಾತೆತ್ತಿದ್ರೆ ವಾಪಸ್ ಬರ್ತಾಳೇನೋ ಅಂತ ಹೆದರಿಕೆ. ಅದಕ್ಕೇ ಅಂಗಡೀನೂ ಎತ್ತಿಬಿಟ್ಟೆ. ಅಲ್ಲಿದ್ರೆ ಯಾರಾದ್ರೂ ಒಬ್ಬರು ಹೇಳ್ತಿದ್ರು."

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಬೇರೊಂದು, ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ತನ್ನ ಗಂಡ ಐವತ್ತೇಳು ದಿನ ಬೇರೆ ಒಬ್ಬಳನ್ನು ಅಷ್ಟು ಮರ್ಯಾದೆಯಿಂದ ನೋಡಿಕೊಂಡಿದ್ದ.

"ಹೇಗಿದ್ಳು ಅವಳು?"

ಅವನು ಯೋಚಿಸಿ ಹೇಳಿದ. "ಒಳ್ಳೇ ಕೆಲಸಗಾರ್ತಿ. ಪಾಪದವಳು. ಯಾರನ್ನೋ ಕಾಯ್ತಿರೋ ಹಾಗಿದ್ಳು."

"ಮತ್ತೆ ಬಂದ್ರೆ?"

"ಬಂದ್ರೆ ಕೆಲಸ ಕೊಡ್ತೀನಿ. ಇನ್ನೇನು ಮಾಡ್ಲಿ?"

ಮಧ್ಯಾಹ್ನ ಅವಳು ಚೌಕಟ್ಟಿನ ಒಂದು ಜಾಗದಲ್ಲಿ ಹೊಸ ಬಣ್ಣ ಕೆರೆದಳು. ಕಬ್ಬಿಣ ಬೆಳ್ಳಗೆ ಹೊಳೆದ ಮೇಲೆ ಆ ಕಪ್ಪು ವೈರನ್ನು ಬೋಲ್ಟಿಗೆ ಬಿಗಿದಳು. ಬೇರೆ ಒಂದನ್ನೂ ಬಿಚ್ಚಲಿಲ್ಲ. ಹದಿನಾರು ವರ್ಷದ ಹಳೆಯ ಜೋಡಣೆಯಲ್ಲಿ ತಿದ್ದಬೇಕಾದ್ದು ಏನೂ ಇರಲಿಲ್ಲ. ತಾನು ಇವತ್ತು ಮಾಡಿದ್ದರೂ ಇಷ್ಟು ಅಚ್ಚುಕಟ್ಟಾಗಿ ಬರುತ್ತಿತ್ತೋ ಇಲ್ಲವೋ ಎಂದು ಅವಳಿಗೆ ಅನ್ನಿಸಿತು. ಆಗಲೇ ಕೌಂಟರಿನಿಂದ ಗಂಡನ ದನಿ ಬಂತು.

"ಏನಾದ್ರೂ ಮಾತಾಡೇ."

ಅವಳು ತಲೆ ಎತ್ತಿದಳು. ಕೆಲಸಕ್ಕೆ ಕೂತು ಅರ್ಧ ಗಂಟೆಯಾಗಿತ್ತು, ಒಂದು ಮಾತೂ ಆಡಿರಲಿಲ್ಲ. ಹದಿನಾರು ವರ್ಷದಿಂದ ಅವನು ಕೌಂಟರಿನಲ್ಲಿ ಕೂತು ಕಿವಿಗೊಡುತ್ತಿದ್ದದ್ದು ತನ್ನ ಬೈಗುಳ ನಿಲ್ಲುತ್ತದೋ ಏನೋ ಎಂದೇ ಎಂಬುದು ಅವಳಿಗೆ ಹೊಳೆಯಿತು. ಕೂಡಲೇ ಪೇಂಟಿನವನ ಅಪ್ಪ ಅಜ್ಜನನ್ನೆಲ್ಲ ಸೇರಿಸಿ ಬೈಯತೊಡಗಿದಳು.

ಸಂಜೆ ಮೇಷ್ಟ್ರು ಬಂದರು. ಬ್ರೇಕ್ ಒತ್ತಿದರೆ ಬ್ರೇಕಿನ ದೀಪವೇ ಹತ್ತಿತು, ಹಾರ್ನ್ ಒತ್ತಿದಾಗ ಮಾತ್ರ ಕೂಗಿತು. ಗಾಡಿ ಗುಡುಗುಡು ಎನ್ನುತ್ತಾ ಬೀದಿಯ ತಿರುವು ದಾಟಿತು. ಇವತ್ತಿಗೂ ಒಂದು ತೊಂದರೆ ಕೊಟ್ಟಿಲ್ಲವಂತೆ, ಗೇಟಿನೊಳಗೇ ನಿಲ್ಲುತ್ತದಂತೆ.

ವೈರಕ್ಕ ಆಮೇಲೆ ಆಸ್ಪತ್ರೆಗೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿದಳು. ಡಾಕ್ಟರು ಏನೂ ಇಲ್ಲ ಎಂದರು. ಮಗಳಿಗೂ ವಿಷಯ ಹೇಳಿಯಾಯಿತು. ಆಗ ಚಿಕ್ಕವಳಾಗಿದ್ದರೂ ಅವಳಿಗೆ ಎಲ್ಲ ಗೊತ್ತಿತ್ತು, ಅಪ್ಪನಿಗೆ ಮಾತು ಕೊಟ್ಟು ಬಾಯಿ ಮುಚ್ಚಿಕೊಂಡಿದ್ದಳು.

ಮೂರು ನಾಲ್ಕು ತಿಂಗಳು ಕಳೆದ ಮೇಲೆ ಒಂದು ಸಂಜೆ, ಷಟರ್ ಎಳೆಯುವ ಹೊತ್ತಿಗೆ, ವೈರಕ್ಕನಿಗೆ ತಮಾಷೆ ಮಾಡೋಣ ಅನ್ನಿಸಿತು. ದನಿ ತಗ್ಗಿಸಿ ಕೇಳಿದಳು:

"ನಾನೀಗ ಎಲ್ಲಿಗೆ ಹೋಗ್ಬೇಕು, ಯಜಮಾನ್ರೇ?"

ಅವನ ಕೈಯಲ್ಲಿದ್ದ ಬೀಗ ಕೆಳಗೆ ಬಿತ್ತು. ಅವಳು ಗಾಬರಿಯಾಗಿ "ರೀ, ತಮಾಷೆ ಮಾಡ್ದೆ, ನಾನೇ ರೀ" ಎಂದು ಅವನ ಭುಜ ಹಿಡಿದಳು. ಅವನು ನಂಬಲಿಲ್ಲ. ಅವಳ ಕಣ್ಣನ್ನೇ ನೋಡುತ್ತಾ ಮೆಲ್ಲಗೆ, ಬಹುವಚನದಲ್ಲಿ ಕೇಳಿದ:

"ಮಗಳು ಹುಟ್ಟಿದ್ದು ಯಾವ ವಾರ, ಹೇಳಿ."

"ಗುರುವಾರ! ಬೆಳಿಗ್ಗೆ ಹುಟ್ಟಿದ್ಳು. ನೀವು ಯಾರದೋ ಲಾರಿ ಬ್ಯಾಟರಿ ತಬ್ಕೊಂಡು ಕೂತಿದ್ದೋರು ಸಂಜೆ ಬಂದ್ರಿ. ಕೈ ಕೂಡಾ ತೊಳೆದಿರ್ಲಿಲ್ಲ."

ಅವನು ಮೆಟ್ಟಿಲ ಮೇಲೆ ಕುಸಿದು ಕೂತ.

"ಇನ್ನೂ ಸಿಟ್ಟಿದೆ ಅಂದ್ರೆ ನೀನೇ" ಎಂದ.

ಅವಳು ಮತ್ತೆಂದೂ ಆ ತಮಾಷೆ ಮಾಡಲಿಲ್ಲ.