ಅತ್ತೆ ಮತ್ತು ಎರಡು ಸೀಟಿನ ಮೋಟಾರು

ಮೊನ್ನೆ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಮನೆಯಲ್ಲಿ ಸೊಸೆ ಇದ್ದಾಳೆ, ಮೊಮ್ಮಕ್ಕಳಿದ್ದಾರೆ. ಆದರೂ ಜೋಳದ ಚೀಲದ ಹಿಂದೆ ನಾನೇ ಹೋಗುತ್ತೇನೆ. ಹಿಟ್ಟಿನ ವಿಷಯದಲ್ಲಿ ನನಗೆ ಯಾರ ಮೇಲೂ ಭರವಸೆ ಇಲ್ಲ. ಕಲಬುರಗಿಯ ಶಹಾಬಜಾರದ ಆ ಗಿರಣಿ ಇನ್ನೂ ಹಳೆಯ ಎಂಜಿನ್ನಿನ ಮೇಲೆಯೇ ನಡೆಯುತ್ತದೆ. ಒಳಗೆ ಕಾಲಿಟ್ಟೊಡನೆ ಬಿಸಿ ಹಿಟ್ಟಿನ ಘಮ ಮತ್ತು ಎಂಜಿನ್ ಎಣ್ಣೆಯ ವಾಸನೆ ಒಟ್ಟಿಗೆ ಮೂಗಿಗೆ ಬಡಿದವು. ಚೀಲ ಕೆಳಗಿಟ್ಟು ಹಾಗೇ ನಿಂತುಬಿಟ್ಟೆ. ನಿಜಾಮರ ಕಾಲದ ಒಂದು ಶ್ರಾವಣದಲ್ಲಿ ನನ್ನ ಅತ್ತೆಯ ಸೆರಗಿನಿಂದ ಈ ಎರಡು ವಾಸನೆಗಳೂ ಹೀಗೆಯೇ ಕೂಡಿ ಬರುತ್ತಿದ್ದವು…

ಅತ್ತೆ ಎಂದರೆ ನನ್ನ ಗಂಡನ ತಾಯಿ. ಗಿಡ್ಡ ಆಳು, ಗಟ್ಟಿ ರಟ್ಟೆ, ಮಾತು ಕಡಿಮೆ. ಹೊಗಳಿಕೆಯಲ್ಲಂತೂ ಬಹಳ ಜಿಪುಣಿ. ಅಡುಗೆ ಕೆಟ್ಟರೆ ಒಂದು ಮಾತು ಹೇಳುತ್ತಿದ್ದರು, ಚೆನ್ನಾಗಿದ್ದರೆ “ಹೂಂ” ಅನ್ನುತ್ತಿದ್ದರು. ಆ “ಹೂಂ” ಸಿಕ್ಕ ದಿನ ನಾನು ಅಂಗಳದಲ್ಲಿ ನಡೆಯುತ್ತಿರಲಿಲ್ಲ, ತೇಲುತ್ತಿದ್ದೆ. ಅವರೆದುರು ನಾನು ಎಂದೂ ಸಮಸಮ ಕೂತವಳಲ್ಲ. ಅವರು ಮಣೆಯ ಮೇಲೆ ಕೂತರೆ ನಾನು ನೆಲಕ್ಕೆ.

ನನ್ನ ಗಂಡ ವಕೀಲರು. ಕೋರ್ಟಿನಲ್ಲಿ ಬಹಳ ಶಾಣ್ಯಾ, ಮನೆಗೆ ಸಾಮಾನು ತರುವುದರಲ್ಲಿ ಅಷ್ಟೇ ಹುಂಬ. ಊರಿಗೆ ವಾಪಸು ಹೊರಟಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರನಿಂದ ಒಂದು ಕೆಂಪು ಮೋಟಾರು ಕೊಂಡು ತಂದರು. ಉದ್ದ ಮೂತಿ, ಬಟ್ಟೆಯ ಛಾವಣಿ, ನೆಲಕ್ಕೆ ಹತ್ತಿದಂತಿದ್ದ ಎರಡೇ ಸೀಟು. ಓಟದ ಪಂದ್ಯಕ್ಕೆಂದೇ ಮಾಡಿದ ಜಾತಿಯದಂತೆ. ಅತ್ತೆ ಅದರ ಸುತ್ತ ಒಂದು ಸುತ್ತು ಹಾಕಿ, “ಇದರಾಗ ಇಬ್ಬರs ಕೂಡ್ತಾರಲ್ಲೋ, ಮನಿ ಮಂದಿ ಎಲ್ಲಿ ಕೂಡಬೇಕು?” ಎಂದು ಕೇಳಿ ಒಳಗೆ ಹೋದರು. ವಕೀಲರು ಮೋಟಾರಿನ ಮೂತಿ ಒರೆಸತೊಡಗಿದರು.

ಅದೇ ಬೇಸಿಗೆಯಲ್ಲಿ ನಾದಿನಿಯ ಮದುವೆಯಾಯಿತು. ಕಮಲಾಪುರಕ್ಕೆ ಕೊಟ್ಟೆವು. ಅವಳನ್ನು ಬಂಡಿ ಹತ್ತಿಸುವಾಗ ಅಣ್ಣನಾದ ಇವರಿಗೆ ಕಣ್ಣು ತುಂಬಿ ಬಂದು, ಬೀಗರೆಲ್ಲರ ಮುಂದೆ ಒಂದು ಮಾತು ಆಡಿಬಿಟ್ಟರು. “ಪಂಚಮಿಗೆ ಬಂಡಿ ಕಳಸೂದಿಲ್ಲ. ಮೋಟಾರ್ ತಗೊಂಡು ನಾನs ಕರಿಯಾಕ ಬರ್ತೀನಿ.” ನಮ್ಮ ಕಡೆ ನಾಗರ ಪಂಚಮಿ ಎಂದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಕರೆಯಲು ಬರಬೇಕು, ಅವರು ತವರಿಗೆ ಬಂದು ಜೋಕಾಲಿ ಆಡಬೇಕು. ಅದರಲ್ಲೂ ಮೊದಲ ಪಂಚಮಿ. ಯಾರೂ ಕರೆಯಲು ಬರದಿದ್ದರೆ ಆ ಹುಡುಗಿ ಅತ್ತೆಮನೆಯಲ್ಲಿ ತಲೆ ಎತ್ತುವುದು ಹೇಗೆ?

ಆಷಾಢದಲ್ಲಿ ಇವರು ಬಾವಿಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡರು. ಎಲುಬು ಕೂಡಿಸುವವನು ಬಿದಿರಿನ ಪಟ್ಟಿ ಕಟ್ಟಿ, ಹೊರಸಿನ ಮೇಲಿಂದ ಏಳಬಾರದೆಂದು ಹೇಳಿ ಹೋದ. ಮೋಟಾರು ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ನಿಂತಿತು. ಅಷ್ಟರಲ್ಲಿ ಕಮಲಾಪುರದ ಸಂತೆ ಮುಗಿಸಿಕೊಂಡು ಬಂದ ಬಳೆಗಾರ ಕಟ್ಟೆಯ ಮೇಲೆ ಕೂತು, ನನ್ನ ಕೈಗೆ ಬಳೆ ಏರಿಸುತ್ತಾ ಅತ್ತೆಗೆ ಸುದ್ದಿ ಹೇಳಿದ. “ನಿಮ್ಮ ಮಗಳು ಓಣಿ ತುಂಬ ಹೇಳ್ಯಾಳ್ರಿ, ನಮ್ಮಣ್ಣ ಮೋಟಾರ್ ತರ್ತಾನಂತ. ಅಕಿ ಅತ್ತಿ ನಗತಾರ. ಮೋಟಾರಂತ, ಕನಸಿನಾಗ ಕಂಡಿರಬೇಕು ಅಂತಾರ.” ಅತ್ತೆ ಬಳೆಗಾರನಿಗೆ ಚಹಾ ಕೊಡಿಸಿ ಕಳಿಸಿದರು.

ಹೊರಸಿನ ಮೇಲಿಂದ ಇವರು, “ಅವ್ವಾ, ಈ ಸಲ ಬಂಡಿ ಕಳಸೋಣು” ಅಂದರು.

“ಬಂಡಿ ಕಳಿಸಿದ್ರ ಬರ್ತಾಳ. ಆದ್ರ ತಲಿ ಬಗ್ಗಿಸಿ ಬರ್ತಾಳ,” ಅಂದರು ಅತ್ತೆ.

ಮೋಟಾರು ಬಲ್ಲ ಡ್ರೈವರನೊಬ್ಬನನ್ನು ಕರೆಸೋಣವೆಂದರೆ ಇರುವುದು ಎರಡೇ ಸೀಟು. ಹೊಸ ಮದುವಣಗಿತ್ತಿ ಪರಗಂಡಸಿನ ಭುಜಕ್ಕೆ ಭುಜ ತಾಗಿಸಿಕೊಂಡು ಕಮಲಾಪುರದಿಂದ ಕಲಬುರಗಿಯವರೆಗೆ ಬರುವುದುಂಟೇ? ಅತ್ತೆ ನನ್ನ ಕಡೆ ತಿರುಗಿ “ನೀ ಕಲಿ” ಅಂದರು. ನಾನು ಬೆಪ್ಪಾಗಿ ನೋಡಿದೆ. “ನಾನs ಕಲೀತಿದ್ದೆ. ನಿನ್ನೆ ಕೂತು ನೋಡೀನಿ, ಕಾಲು ಮುಟ್ಟೂದಿಲ್ಲ,” ಎಂದು ಬಹಳ ಗಂಭೀರವಾಗಿ ಹೇಳಿದರು.

ನನ್ನ ಮೊದಲ ಪಾಠ ನಡೆದದ್ದು ಪಡಸಾಲೆಯಲ್ಲಿ. ಪೆಡಲುಗಳಿಗೆ ಬದಲು ಮಣೆಗಳು, ಗೇರಿಗೆ ಬದಲು ಲಟ್ಟಣಿಗೆ. ಇವರು ಹೊರಸಿನ ಮೇಲೆ ಮಲಗಿಯೇ ಜಜ್ಜು ಸಾಹೇಬರ ಠೀವಿಯಲ್ಲಿ ಅಪ್ಪಣೆ ಕೊಡುವರು, ನಾನು ಮಣೆ ತುಳಿಯುವೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುವರು. ಆಮೇಲೆ ನಮ್ಮೂರ ಕೋಟೆ ಕಿಲ್ಲೆಯ ಮುಂದಿನ ಬಯಲಿನಲ್ಲಿ ನಿಜವಾದ ಪಾಠ. ಮೋಟಾರಿನ ಮೂತಿಗೆ ಕಬ್ಬಿಣದ ಹಿಡಿಕೆ ಸಿಕ್ಕಿಸಿ ತಿರುಗಿಸಿದರೆ ಎಂಜಿನ್ನು ಏಳುತ್ತಿತ್ತು. ಅದನ್ನು ತಿರುಗಿಸುವ ಕೆಲಸ ಅತ್ತೆಯದು. ಜೀವಮಾನವಿಡೀ ಬೀಸುಕಲ್ಲು ತಿರುಗಿಸಿದ ಆ ರಟ್ಟೆಗೆ ಎಂಜಿನ್ನು ಒಂದೇ ಏಟಿಗೆ ಎದ್ದು ನಿಲ್ಲುತ್ತಿತ್ತು. ನಂತರ ಸೆರಗು ಸಿಕ್ಕಿಸಿಕೊಂಡು ಬಂದು ನನ್ನ ಪಕ್ಕ ಕೂರುವರು. ಮದುವೆಯಾದ ಮೇಲೆ ನಾನು ಅತ್ತೆಗೆ ಸಮನಾಗಿ, ಮೈಗೆ ಮೈ ತಾಗಿಸಿ ಕೂತದ್ದು ಅದೇ ಮೊದಲು. ಮೋಟಾರಿಗಿಂತ ಅದಕ್ಕೇ ನನಗೆ ಹೆಚ್ಚು ಹೆದರಿಕೆ.

ಹೊರಡುವುದು, ನಿಲ್ಲಿಸುವುದು, ಮೇಲಿನ ಗೇರಿಗೆ ಹೋಗುವುದು ಹೇಗೋ ಬಂತು. ಕೆಳಗಿನ ಗೇರಿಗೆ ಇಳಿಸುವುದು ಮಾತ್ರ ಬರಲೊಲ್ಲದು. ಪ್ರತಿ ಸಲ “ಕರ್ರ್” ಎಂದು ಹಲ್ಲು ಕಡಿಯುವ ಸದ್ದು, ಕಿಲ್ಲೆಯ ಗೋಡೆಯ ಮೇಲಿನ ಪಾರಿವಾಳಗಳೆಲ್ಲ ಹಾರಿ ಹೋಗುವವು, ಮೋಟಾರು ಗಕ್ಕನೆ ನಿಲ್ಲುವುದು. ಅತ್ತೆ ಎದುರಿಗೆ ನೋಡುತ್ತಾ “ನುಚ್ಚು” ಅನ್ನುವರು. ಕಲ್ಲು ಸರಿಯಾಗಿ ಕೂಡದಿದ್ದರೆ ಹಿಟ್ಟಿನ ಬದಲು ನುಚ್ಚು ಬೀಳುತ್ತದಲ್ಲ, ಆ ಲೆಕ್ಕ. ಮತ್ತೆ ಇಳಿದು ಹಿಡಿಕೆ ತಿರುಗಿಸುವರು. ಕಮಲಾಪುರದ ದಾರಿಯಲ್ಲಿ ಒಂದು ಹಳ್ಳವಿದೆ, ಅದರ ಏರಿನಲ್ಲಿ ಕೆಳಗಿನ ಗೇರು ಬೀಳದಿದ್ದರೆ ಮೋಟಾರು ಹಿಂದಕ್ಕೆ ಉರುಳಿ ನೀರಿಗೆ ಬೀಳುತ್ತದೆ ಎಂದು ಇವರು ದಿನಾ ನೆನಪು ಮಾಡುತ್ತಿದ್ದರು. ಕ್ಲಚ್ಚು ಒತ್ತು, ನಡುವೆ ಬಿಡು, ಎಂಜಿನ್ನಿನ ವೇಗ ಏರಿಸು, ಮತ್ತೆ ಒತ್ತು, ಆಗ ಹಾಕು… ಮಂತ್ರದಂತೆ ಬಾಯಿಪಾಠ ಮಾಡಿದ್ದೆ. ತಲೆಗೆ ಹೋದದ್ದು ಕೈಗೆ ಇಳಿಯಲಿಲ್ಲ. ಪಂಚಮಿ ಹತ್ತಿರ ಬರುತ್ತಿತ್ತು. ಒಂದು ಮಧ್ಯಾಹ್ನ ಎಮ್ಮೆಯ ಮರೆಯಲ್ಲಿ ನಿಂತು ಚೆನ್ನಾಗಿ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಅತ್ತೆ ಬೀಸುತ್ತಾ ಕೂತಿದ್ದರು. ನಾನು ಎಂದಿನಂತೆ ಎದುರು ಕೂತು, ಗೂಟಕ್ಕೆ ಕೈ ಕೂಡಿಸಿದೆ. ಇಬ್ಬರೂ ಒಂದೇ ಗೂಟ ಹಿಡಿದು ಬೀಸುವುದು ನಮ್ಮ ರೂಢಿ. ಅತ್ತೆ ಕಲ್ಲು ನಿಲ್ಲಿಸಿದರು.

“ಈಗ ಹ್ಯಾಂಗ ಹಿಡದಿ?”

ನನಗೆ ತಿಳಿಯಲಿಲ್ಲ. ಅವರು ಮತ್ತೆ ಕಲ್ಲು ತಿರುಗಿಸತೊಡಗಿದರು. “ತಿರಗೂ ಗೂಟಕ್ಕ ಕೈ ಸುಮ್ನ ಒಡ್ಡಿದ್ರ ಏನಾಗ್ತದ?”

“ಬೆರಳು ಜಜ್ಜತಾವ್ರಿ.”

“ಈಗ ಹಿಡಿ. ನಿನ್ನ ಕೈ ನೀನs ನೋಡು.”

ನೋಡಿದೆ. ನನ್ನ ಕೈ ನೇರವಾಗಿ ಗೂಟವನ್ನು ಹಿಡಿಯಲಿಲ್ಲ. ಮೊದಲು ಗಾಳಿಯಲ್ಲೇ ಗೂಟದ ಜೊತೆ ಒಂದು ಸುತ್ತು ತಿರುಗಿತು, ಅದರ ವೇಗಕ್ಕೆ ತನ್ನ ವೇಗ ಕೂಡಿದ ಮೇಲೆ ಮೆಲ್ಲಗೆ ಮುಚ್ಚಿಕೊಂಡಿತು. ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ದಿನಾ ಮಾಡುತ್ತಿದ್ದ ಕೆಲಸ ಅದು, ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ.

“ಅವ ದಿನಾ ಹೇಳಾಕತ್ತಾನಲ್ಲ, ಒಳಗ ಒಂದು ಗಾಲಿ ಜೋರ ತಿರಗ್ತದ, ಇನ್ನೊಂದು ಸಾವಕಾಶ ತಿರಗ್ತದ ಅಂತ. ನೀ ನಿಂತ ಕೈ ಒಡ್ತಿ, ಅದಕ್ಕ ನುಚ್ಚು. ಅದು ತಿರಗೂವಷ್ಟು ನೀನೂ ತಿರುಗು. ಆಮ್ಯಾಲ ಹಿಡಿ,” ಅಂದರು ಅತ್ತೆ.

ಹಿಟ್ಟಿನ ಕೈಯಲ್ಲೇ ಮೋಟಾರಿಗೆ ಓಡಿದೆವು. ಬಯಲಿನಲ್ಲಿ ವೇಗವಾಗಿ ಹೋಗಿ, ಕ್ಲಚ್ಚು ಒತ್ತಿ ಬಿಟ್ಟು, ಎಂಜಿನ್ನಿನ ದನಿ ಏರುವುದನ್ನು ಕಿವಿಗೊಟ್ಟು ಕೇಳಿದೆ. ಬೀಸುಕಲ್ಲಿನ ಗೂಟ ಸುತ್ತಿ ಬಂದು ನನ್ನ ಕೈಗೆ ಸಮನಾದಂತೆ ಅನಿಸಿದ ಕ್ಷಣದಲ್ಲಿ ಗೇರು ಹಾಕಿದೆ. ಸದ್ದೇ ಇಲ್ಲ. ಬೆಣ್ಣೆಗೆ ಬೆರಳಿಟ್ಟ ಹಾಗೆ ಒಳಗೆ ಹೋಯಿತು. ಪಾರಿವಾಳಗಳು ಕೂತಲ್ಲೇ ಕೂತಿದ್ದವು. ಅತ್ತೆ “ಹಿಟ್ಟು” ಅಂದರು. ಆ ದಿನವಿಡೀ ನಾವಿಬ್ಬರೂ ಬಯಲಿನಲ್ಲಿ ಹಿಟ್ಟು ಬೀಸಿದೆವು. ಮನೆಯಲ್ಲಿ ಇವರಿಗೆ ಊಟಕ್ಕೆ ಸಂಜೆಯಾಯಿತು.

ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ಹೊರಟೆವು. ಚಪ್ಪಲಿ ಬಿಚ್ಚಿ, ಸೆರಗು ಬಿಗಿದು ಕಟ್ಟಿ ಕೂತಿದ್ದೆ. ಪಕ್ಕದ ಮನೆಯ ಸಾಹೇಬರು ಕಟ್ಟೆಯಿಂದ ಎದ್ದು ನಿಂತು, “ಅಮ್ಮಾ, ಬಹೂ ಚಲಾರೀ ಕ್ಯಾ?” ಎಂದು ಅತ್ತೆಯನ್ನು ಕೇಳಿದರು. ಸೊಸೆಯೇ ಓಡಿಸುತ್ತಾಳಾ ಎಂದು. “ಮತ್ತ ಯಾರ್ ಓಡಸಬೇಕ್ರಿ?” ಅಂದರು ಅತ್ತೆ. ಜಿಟಿಜಿಟಿ ಮಳೆ, ಎರಡೂ ಕಡೆ ಹಸಿರು ಹೊಲ, ಬಂಡಿಯವರು ಎತ್ತುಗಳ ಕಣ್ಣು ಮುಚ್ಚಿ ಹಿಡಿದು ನಮಗೆ ದಾರಿ ಬಿಟ್ಟರು. ಹಳ್ಳ ಬಂದಾಗ ಅತ್ತೆ ಬೀಸುವ ಪದದ ರಾಗ ಗುನುಗತೊಡಗಿದರು, ಮಾತಿಲ್ಲದೆ, ಬರೀ ರಾಗ. ಅದರ ಲಯಕ್ಕೆ ಗೇರು ಇಳಿಸಿದೆ. ಏರು ಏರಿತು.

ಕಮಲಾಪುರದಲ್ಲಿ ಬೀಗರ ಓಣಿಗೆ ಓಣಿಯೇ ಹೊರಗೆ ಬಂದಿತ್ತು. ನಾದಿನಿಯ ಅತ್ತೆ ಬಾಗಿಲಲ್ಲಿ ನಿಂತು, ಮೋಟಾರನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿ, “ಗಂಡಸ್ರು ಯಾರೂ ಬಂದಿಲ್ಲೇನ್ರಿ?” ಎಂದು ಕೇಳಿದರು.

“ಗಂಡಸಿನ ಕಾಲು ಮುರದದ. ಮೋಟಾರಿನ ಕಾಲು ಚೊಲೋ ಅದಾವ. ಮಗಳನ್ನ ಕರಿಯಾಕ ಬಂದೀವಿ,” ಅಂದರು ನಮ್ಮ ಅತ್ತೆ.

ನಾದಿನಿ ಅವರ ಬೆನ್ನ ಹಿಂದಿನಿಂದ ನೋಡುತ್ತಿದ್ದಳು. ಅವಳ ಮುಖ ಈಗಲೂ ಕಣ್ಣಿಗೆ ಕಟ್ಟಿದೆ… ನಗಲೋ ಅಳಲೋ ತಿಳಿಯದೆ, ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಊಟವಾಯಿತು. ಕೆಂಪು ಬಾಳೆಗೊನೆ, ಉಡಿ ತುಂಬಿದ ಸಾಮಾನು ಎಲ್ಲ ಸೀಟಿನ ಹಿಂದೆ ಸೇರಿದವು. ನಾದಿನಿ ಬಂದು ಮೋಟಾರಿನ ಬಳಿ ನಿಂತಳು. ಆಗ ನನಗೆ ಹೊಳೆಯಿತು, ಇರುವುದು ಎರಡೇ ಸೀಟು. ಇಷ್ಟು ದಿನ ಅತ್ತೆ ಪಕ್ಕದಲ್ಲಿ ಇಲ್ಲದೆ ನಾನು ಮೋಟಾರಿನಲ್ಲಿ ಒಂದು ಮಾರು ದೂರವೂ ಹೋದವಳಲ್ಲ. ಅವರಿಲ್ಲದ ದಾರಿಯನ್ನು ನಾನು ಯೋಚಿಸಿಯೇ ಇರಲಿಲ್ಲ. ಅವರು ಯೋಚಿಸಿದ್ದರು. ಮಗ ಮೋಟಾರು ತಂದ ದಿನವೇ ಸೀಟು ಎಣಿಸಿದವರು ಅವರು.

“ಅತ್ತೀ, ನೀವು?”

“ನಾ ನಾಳೆ ಬಂಡ್ಯಾಗ ಬರ್ತೀನಿ.”

“ನಾಳೆ ಹಬ್ಬ ಅದರೀ. ಮತ್ತ ಬಂಡ್ಯಾಗ…”

“ಬಂಡ್ಯಾಗ ಬಂದ್ರ ನನ್ನ ತಲಿ ಬಗ್ಗೂದಿಲ್ಲ. ಹತ್ತು.”

ಹಿಡಿಕೆ ತಿರುಗಿಸಿದರು, ಎಂಜಿನ್ನು ಎದ್ದಿತು. ಅವರು ಹಿಂದಕ್ಕೆ ಸರಿದು ಬೀಗತಿಯ ಪಕ್ಕ ನಿಂತರು.

ಹಳ್ಳ ದಾಟಿ ಏರಿನ ಅರ್ಧಕ್ಕೆ ಬಂದಿದ್ದೆ. ಮುಂದೆ ಕಟ್ಟಿಗೆ ತುಂಬಿದ ಬಂಡಿಯೊಂದು ನಡುದಾರಿಯಲ್ಲಿ ಕುಂಟುತ್ತಾ ಏರುತ್ತಿತ್ತು. ವೇಗ ಕಳೆದುಹೋಯಿತು, ಎಂಜಿನ್ನು ಏದುಸಿರು ಬಿಡತೊಡಗಿತು. ಇಲ್ಲಿ ನಿಂತರೆ ತಿರುಗಿಸಲು ಅತ್ತೆಯಿಲ್ಲ, ಹಿಂದೆ ನೀರು, ಪಕ್ಕದಲ್ಲಿ ಅವರ ಮಗಳು. “ವೈನೀ…” ಎಂದು ಈ ಅತ್ತಿಗೆಯನ್ನು ಕರೆದಳು ನಾದಿನಿ, ಅಷ್ಟೇ. ನನ್ನ ಬಾಯಿಂದ ತಾನಾಗಿಯೇ ಆ ಬೀಸುವ ಪದದ ರಾಗ ಹೊರಟಿತು. ಕಾಲು ಒತ್ತಿತು, ಬಿಟ್ಟಿತು, ದನಿ ಏರಿತು. ಅದು ತಿರುಗುವಷ್ಟು ನಾನೂ ತಿರುಗಿದೆ. ಹಿಡಿದೆ.

ಹಿಟ್ಟು. ಮೋಟಾರು ಬಂಡಿಯನ್ನು ಬಳಸಿ, ಏರು ಏರಿ, ಬಯಲಿಗೆ ಬಂತು. ನಾದಿನಿ ಛಾವಣಿಯ ಬಟ್ಟೆ ಹಿಂದಕ್ಕೆ ಸರಿಸಿ ಮಳೆಗೆ ಮುಖ ಒಡ್ಡಿ ನಕ್ಕಳು. ನಾನೂ ನಕ್ಕೆ. ಆ ದಿನದ ಸಂತೋಷದಂಥದ್ದು ನನಗೆ ಆಮೇಲೆ ಕೆಲವೇ ಸಲ ಸಿಕ್ಕಿದೆ. ಶಹಾಬಜಾರದ ಓಣಿ ಹೊಕ್ಕಾಗ, ಯಾರೂ ಅಡ್ಡ ಬಾರದಿದ್ದರೂ, ಮನೆಯವರೆಗೆ ಹಾರ್ನು ಒತ್ತಿಕೊಂಡೇ ಬಂದೆ. ಇವರು ಕೋಲೂರಿಕೊಂಡು ಬಾಗಿಲಲ್ಲಿ ನಿಂತಿದ್ದರು. ಎಲುಬಿನವನ ಮಾತು ಯಾರಿಗೆ ನೆನಪಿತ್ತು?

ಮರುದಿನ ನಾದಿನಿ ಓಣಿಯ ಬೇವಿನ ಮರದಲ್ಲಿ ಜೋಕಾಲಿ ಆಡುವಾಗ ಅತ್ತೆ ದಾರಿಯ ಕೆಸರಿನಲ್ಲಿದ್ದರು. ಬಂಡಿ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಸೀರೆ ಮೊಣಕಾಲವರೆಗೆ ರಾಡಿ. ಕಾಲಿಗೆ ನೀರು ಹಾಕುತ್ತಿದ್ದ ನನ್ನನ್ನು, ಮಗಳ ಸುದ್ದಿಯನ್ನೂ ಕೇಳುವ ಮೊದಲು, ಕೇಳಿದರು:

“ಹಳ್ಳದ ಏರಿನಾಗ ನುಚ್ಚು ಬಿತ್ತೇನು?”

“ಇಲ್ರಿ ಅತ್ತಿ. ಹಿಟ್ಟು.”

“ಹೂಂ,” ಅಂದರು.

ಮೋಟಾರು ಆಮೇಲೆ ಹಲವು ಪಂಚಮಿಗಳಿಗೆ ಕಮಲಾಪುರಕ್ಕೆ ಹೋಯಿತು, ನಾನೇ ಓಡಿಸಿದೆ. ಪ್ರತಿ ಸಲವೂ ಅತ್ತೆ ಮೋಟಾರಿನಲ್ಲಿ ಹೋಗಿ ಬಂಡಿಯಲ್ಲಿ ಬರುವರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಅದನ್ನು ಮಾರಿದೆವು. ಅತ್ತೆಯೂ ಅದೇ ವರ್ಷದ ಚಳಿಗಾಲದಲ್ಲಿ ಹೋದರು. ಅವರಿಲ್ಲದ ಮನೆಯಲ್ಲಿ ಬೀಸಲು ಕೂತಾಗ ನನ್ನ ಕೈ ಗೂಟದ ಕೆಳಗಿನ ಅರ್ಧವನ್ನಷ್ಟೇ ಹಿಡಿಯುತ್ತಿತ್ತು. ಮೇಲಿನ ಅರ್ಧ ಅವರದು… ಕೊನೆಗೆ ನಾನೂ ಗಿರಣಿಯ ದಾರಿ ಹಿಡಿದೆ.

ಮೊನ್ನೆ ಗಿರಣಿಯವನು ಚೀಲ ಕಟ್ಟುವ ಮೊದಲು ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ಉಜ್ಜಿ ನೋಡಿದೆ. ನುಣ್ಣಗೆ, ಬೆಚ್ಚಗೆ ಇತ್ತು.

“ಹಿಟ್ಟು ಬಿದ್ದದ್ರಿ ಅತ್ತಿ,” ಅಂದೆ.

ಎಂಜಿನ್ನಿನ ಸದ್ದಿನಲ್ಲಿ ಗಿರಣಿಯವನಿಗೆ ಸರಿಯಾಗಿ ಕೇಳಿಸಲಿಲ್ಲ. “ಏನಂದ್ರಿ ಅಜ್ಜಿ?” ಎಂದು ಕೇಳಿದ. ಏನಿಲ್ಲ ಎಂದು ಕೈಯಾಡಿಸಿ, ಒಂದು “ಹೂಂ” ಬರಬೇಕಾದಷ್ಟು ಹೊತ್ತು ಅಲ್ಲೇ ನಿಂತಿದ್ದು, ಚೀಲ ಎತ್ತಿಕೊಂಡು ಮನೆಗೆ ಬಂದೆ.