ಕೈ ಆಚಾರ್ಯರದು, ಮೂಗು ವೃಂದಾಬಾಯಿಯದು

ಬೆಳಗಿನ ಐದೂಕಾಲು. ಸೇಡಂ ಬಸ್ ನಿಲ್ದಾಣದ ಹಿಂದಿನ ಓಣಿಯ ‘ಕಾಗಿಣಾ ಭವನ’ ಹೋಟೆಲಿನ ಮುಂಬಾಗಿಲು ಇನ್ನೂ ತೆರೆದಿಲ್ಲ. ಹಿಂದುಗಡೆಯ ಅಡುಗೆಮನೆಯಲ್ಲಿ ಮಾತ್ರ ಎರಡು ದೊಡ್ಡ ಒಲೆಗಳು ಭುಸುಗುಡುತ್ತಿವೆ. ಐವತ್ತೈದರ ಪವಮಾನಾಚಾರ್ಯರು ಧೋತರವನ್ನು ಮೇಲೆತ್ತಿ ಕಟ್ಟಿಕೊಂಡು ಸೊಂಟದೆತ್ತರದ ಪಾತ್ರೆಯೊಳಗೆ ಉದ್ದನೆಯ ಸೌಟು ಆಡಿಸುತ್ತಿದ್ದಾರೆ. ತೊಗರಿಬೇಳೆಯ ಹುಳಿ ಕುದಿಯುತ್ತಿದೆ. ಬಾಗಿಲ ಬಳಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದ ಅವರ ಹೆಂಡತಿ ವೃಂದಾಬಾಯಿ ಎದ್ದು ಬರುತ್ತಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪಾತ್ರೆಯಿಂದ ಒಂದು ಮೊಳ ದೂರ ನಿಂತು, ಕಣ್ಣು ಮುಚ್ಚಿ, ಹಬೆಯನ್ನು ನಿಧಾನವಾಗಿ ಒಳಗೆಳೆದುಕೊಳ್ಳುತ್ತಾರೆ.

“ಹುಣಸಿ ಇನ್ನಾ ಹಸೀನೇ ಅದರಿ.”

ಆಚಾರ್ಯರು ಉರಿ ಹೆಚ್ಚಿಸುತ್ತಾರೆ. ಐದು ನಿಮಿಷ ಬಿಟ್ಟು ವೃಂದಾಬಾಯಿ ಮತ್ತೆ ಬಂದು ನಿಲ್ಲುತ್ತಾರೆ. ಈ ಸಲ ಹುಬ್ಬು ಗಂಟಾಗುತ್ತದೆ.

“ಇನ್ನರ್ಧ ಹಿಡಿ ಉಪ್ಪು ಹಾಕ್ರಿ... ಹಾಂ. ಈಗ ಕುಂತದ ನೋಡ್ರಿ. ಇಳಸ್ರಿ.”

ಕೆಲಸಗಾರ ಹಣಮಪ್ಪ ಒಂದು ಕಡೆ, ಆಚಾರ್ಯರು ಇನ್ನೊಂದು ಕಡೆ ಹಿಡಿದು ಪಾತ್ರೆ ಇಳಿಸುತ್ತಾರೆ. ಇಷ್ಟೆಲ್ಲ ಆದರೂ ಸೌಟಿನ ಒಂದು ಹನಿಯನ್ನು ಯಾರೂ ನಾಲಿಗೆಗೆ ತಾಗಿಸಿಲ್ಲ. ಈ ಅಡುಗೆಮನೆಯಲ್ಲಿ ರುಚಿ ನೋಡುವ ಪದ್ಧತಿಯೇ ಇಲ್ಲ.

ವಾರದ ದಿನ ಇಲ್ಲಿ ನೂರಿಪ್ಪತ್ತು ಊಟ, ಭಾನುವಾರ ಮಧ್ಯಾಹ್ನದ ಬಫೆಗೆ ಇನ್ನೂರರ ಮೇಲೆ. ಹತ್ತು ಕಿಲೋ ತೊಗರಿಬೇಳೆ, ಇಪ್ಪತ್ತೈದು ಕಿಲೋ ಅಕ್ಕಿ, ಎರಡು ಬುಟ್ಟಿ ಬದನೆಕಾಯಿ. ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಕಾಲೊನಿಯಿಂದ ಸ್ಕೂಟರಿನ ಮೇಲೆ ಸಂಸಾರ ಹೇರಿಕೊಂಡು ಬರುವವರಿದ್ದಾರೆ, ಕುರಕುಂಟಾದಿಂದ ಟಂಟಂ ರಿಕ್ಷಾ ಮಾಡಿಕೊಂಡು ಬರುವವರಿದ್ದಾರೆ. ಉಂಡು ಕೈ ತೊಳೆದು ಹೋಗುವಾಗ ಎಲ್ಲರೂ ಹೊಗಳುವುದು ಆಚಾರ್ಯರ ಕೈಯನ್ನು. ಬಾಗಿಲಲ್ಲಿ ಕೂತು ಮೆಂತ್ಯ ಸೋಸುವ ಹೆಂಗಸಿನ ಕಡೆ ಯಾರ ಕಣ್ಣೂ ಹೊರಳುವುದಿಲ್ಲ. ಮೊನ್ನೆಯ ವೈಶಾಖದವರೆಗೆ ಹೋಟೆಲಿನ ಮಾಲೀಕರಿಗೂ ಆಕೆ ಅಲ್ಲಿ ಏಕಿದ್ದಾರೆಂಬುದು ಗೊತ್ತಿರಲಿಲ್ಲ.

ಆಚಾರ್ಯರು ಅಡುಗೆ ಕಲಿತದ್ದು ಹದಿನಾಲ್ಕನೇ ವಯಸ್ಸಿನಲ್ಲಿ, ಸೋದರಮಾವನ ಕೈಕೆಳಗೆ. ಮಾವ ಮಡಿಯಲ್ಲಿ ಅಡುಗೆ ಮಾಡುವವರು. ದೇವರ ನೈವೇದ್ಯಕ್ಕಿಂತ ಮೊದಲು ಬಾಯಿಟ್ಟರೆ ಅಡುಗೆಯೆಲ್ಲ ಎಂಜಲು. ಆದ್ದರಿಂದ ಉಪ್ಪು, ಹುಳಿ, ಖಾರದ ಪಂಚಾಯಿತಿಯೆಲ್ಲ ಮೂಗಿನಲ್ಲೇ ತೀರಬೇಕು. ಆ ಪಾಠವನ್ನು ಅವರು ಚಿತ್ತಾಪುರ, ಚಿಂಚೋಳಿ, ಶಹಾಬಾದದ ನೂರಾರು ಮದುವೆಗಳಲ್ಲಿ ಪಾಲಿಸಿದರು. ಮೂರು ವರ್ಷದ ಹಿಂದೆ ಈ ಹೋಟೆಲಿಗೆ ಬಂದ ಮೇಲೂ ಬಿಡಲಿಲ್ಲ.

“ಉಪ್ಪಿಗೆಲ್ಲಿ ವಾಸನಿ ಅಂತಾರ ಮಂದಿ,” ಎಂದು ಆಚಾರ್ಯರು ನಗುತ್ತಾರೆ. “ಉಪ್ಪಿಗಿಲ್ಲ, ಖರೆ. ಆದ್ರ ಉಪ್ಪು ಬಿದ್ದ ಹುಳಿ ವಾಸನಿ ಬ್ಯಾರೆ, ಬೀಳಲಾರದ ಹುಳಿ ವಾಸನಿ ಬ್ಯಾರೆ. ಹೊಟೇಲಿನಾಗ ನೈವೇದ್ಯ ಎಲ್ಲಿ ಬಂತು ಅಂತ ಕೇಳ್ತಾರ. ಉಣ್ಣೋರಿಗಿಂತ ಮೊದ್ಲ ನಾ ಬಾಯಿ ಇಡೋದು ನನಗ ಒಗ್ಗಂಗಿಲ್ಲ, ಅಷ್ಟ.”

ಚಿತ್ತಾಪುರದ ವೃಂದಾಬಾಯಿ ಆಚಾರ್ಯರ ಕೈ ಹಿಡಿದದ್ದು ೧೯೮೧ರ ವೈಶಾಖ ಶುದ್ಧ ದಶಮಿಯಂದು. ತಿಥಿ ಬಲು ಒಳ್ಳೆಯದು, ಆದರೆ ಅದೇ ತೊಂದರೆಯಾಯಿತು. ವೈಶಾಖವೆಂದರೆ ಮದುವೆಗಳ ಸುಗ್ಗಿ. ಅಡುಗೆಯವರು ಮನೆಯಲ್ಲಿರುವ ತಿಂಗಳೇ ಅಲ್ಲ.

“ಇಪ್ಪತ್ತೆರಡು ವರ್ಷ ನಮ್ಮ ಲಗ್ನದ ದಿನ ಇವರು ಮಂದಿ ಲಗ್ನದಾಗ,” ಎನ್ನುತ್ತಾರೆ ವೃಂದಾಬಾಯಿ. ದೂರಿನ ದನಿ ಅಲ್ಲ, ಆದರೆ ಲೆಕ್ಕ ಮಾತ್ರ ತಪ್ಪಿಲ್ಲ. “ಕತ್ತಲದಾಗ ಹೋಗೋರು, ಎರಡು ದಿನ ಬಿಟ್ಟು ಬರೋರು. ಬಂದ ಮ್ಯಾಲ ಅವರ ಧೋತರ ಒಗ್ಯೋ ಮುಂದ ಮೂಸೇ ಹೇಳ್ತಿದ್ದೆ, ಅಲ್ಲಿ ಚಿರೋಟಿ ಮಾಡ್ಯಾರೋ, ಬುಂದಿ ಮಾಡ್ಯಾರೋ ಅಂತ. ಒಂದಿನಾನೂ ತಪ್ಪಲಿಲ್ಲರಿ.”

ಹೆಂಡತಿಯ ಈ ಮೂಗು ಬಹಳ ವರ್ಷ ಮನೆಯ ತಮಾಷೆಯಾಗಿಯೇ ಉಳಿದಿತ್ತು. ೨೦೦೪ರಲ್ಲಿ ಆಚಾರ್ಯರಿಗೆ ಜ್ವರ ಬಂತು. ತಿಂಗಳು ಮಲಗಿ ಎದ್ದರು. ಒಂದು ಬೆಳಿಗ್ಗೆ ಮನೆಯಲ್ಲಿ ಒಲೆಯ ಮುಂದೆಯೇ ಕೂತಿದ್ದರು, ಹಾಲು ಸೀದು ತಳ ಹಿಡಿದಿತ್ತು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ವೃಂದಾಬಾಯಿ ವಾಸನೆಗೆ ಓಡಿ ಬಂದರು. ಆಚಾರ್ಯರು ಪಾತ್ರೆ ನೋಡಿದರು, ಹೆಂಡತಿಯನ್ನು ನೋಡಿದರು. ಗುಲಬರ್ಗಾದ ಡಾಕ್ಟರರು ಪರೀಕ್ಷೆ ಮಾಡಿ, ಜ್ವರದಲ್ಲಿ ಹೋದ ವಾಸನೆ ಮರಳಿ ಬರಬಹುದು, ಬರದೆಯೂ ಇರಬಹುದು ಎಂದರು.

ರುಚಿ ನೋಡಿಯಾದರೂ ಅಡುಗೆ ಮಾಡಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸಬೇಕು. ಆಚಾರ್ಯರಿಗೂ ಅನ್ನಿಸಿತ್ತು. ಅಂಗೈ ಮೇಲೆ ಎರಡು ಹನಿ ಹುಳಿ ಹಾಕಿಕೊಂಡು ಬಾಯಿಯವರೆಗೆ ಒಯ್ದರು, ಕೈ ಅಲ್ಲೇ ನಿಂತುಬಿಟ್ಟಿತು. ನಲವತ್ತು ವರ್ಷದ ರೂಢಿ ಅಷ್ಟು ಸುಲಭಕ್ಕೆ ದಾರಿ ಬಿಡುವುದಿಲ್ಲ. ಮೂಗು ಸತ್ತ ಅಡುಗೆಯವನನ್ನು ಯಾವ ಹೋಟೆಲು ಇಟ್ಟುಕೊಂಡೀತು ಎಂಬ ಹೆದರಿಕೆ ಬೇರೆ.

“ಆ ದಿನ ಭಾಳ ಅತ್ತರು,” ಎನ್ನುತ್ತಾರೆ ವೃಂದಾಬಾಯಿ. “ನಾ ಅಂದೆ, ನೀವು ನೇಮ ಬಿಡಬ್ಯಾಡ್ರಿ, ನೌಕರಿನೂ ಬಿಡಬ್ಯಾಡ್ರಿ. ನನ್ನ ಮೂಗು ಗಟ್ಟಿ ಅದ, ಅದನ್ನೇ ಒಯ್ರಿ ಅಂತ.”

ಮರುದಿನದಿಂದ ಇಬ್ಬರೂ ಹೋಟೆಲಿಗೆ ಹೊರಟರು. ಸೊಪ್ಪು ಸೋಸಲು, ಅಕ್ಕಿ ಆರಿಸಲು ಬರುತ್ತೇನೆಂದು ವೃಂದಾಬಾಯಿ ಹೇಳಿದರು, ಸಂಬಳ ಕೇಳಲಿಲ್ಲ. ಹಣಮಪ್ಪ ಮಸಾಲೆ ತರಲು ಆಚೆ ಹೋದಾಗ ಹಬೆಯ ಮುಂದೆ ನಿಲ್ಲುವುದು, ಗಂಡನ ಕಿವಿಗಷ್ಟೇ ಕೇಳುವಂತೆ ಹೇಳುವುದು. ಮಾಲೀಕ ಮಾಣಿಕಪ್ಪನವರು ಬಾಯಿ ತುಂಬ ಗೇಲಿ ಮಾಡುತ್ತಿದ್ದರು: “ಬಾಯಾರು ಕಣ್ಮುಂದ ಇಲ್ಲಂದ್ರ ನಮ್ಮ ಆಚಾರ್ರ ಬ್ಯಾಳಿ ಬೇಯಂಗಿಲ್ಲ ನೋಡ್ರಿ!” ದಂಪತಿ ತಲೆ ತಗ್ಗಿಸಿ ನಗುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು.

ಈ ವರ್ಷ ಮದುವೆಯಾಗಿ ಇಪ್ಪತ್ತೈದು ತುಂಬಿತು, ದಶಮಿ ಭಾನುವಾರವೇ ಬಂತು. ಸುದ್ದಿ ಕೇಳಿದ ಮಾಣಿಕಪ್ಪನವರು ತಮ್ಮ ಕಡೆಯಿಂದ ಒಂದು ಉಡುಗೊರೆ ಎಂದರು.

“ಬಾಯಾರ, ಐತವಾರ ನೀವು ಅಡಿಗಿಮನಿಗೆ ಕಾಲಿಡಬಾರದು. ಮಗಳನ್ನ, ಅಳಿಯನ್ನ ಕರಕೊಂಡು ಮುಂಬಾಗಿಲಿಂದ ಬರ್ರಿ. ಆಚಾರ್ರು ಅಡಿಗಿ ಮುಗಿಸಿ ನಿಮ್ಮ ಜೋಡಿ ಕುಂದರ್ತಾರ. ಬಫೆ ಊಟ ಎಲ್ಲಾರಿಗೂ ನನ್ನ ಕಡಿಂದ.”

ಇಂಥ ಒಳ್ಳೆಯ ಮಾತಿಗೆ ಬೇಡವೆನ್ನುವುದು ಹೇಗೆ? ಏಕೆ ಬೇಡ ಎಂದರೆ ಹೇಳುವುದೇನು? ಆ ವಾರವೆಲ್ಲ ಗಂಡಹೆಂಡತಿಗೆ ಊಟ ಸೇರಲಿಲ್ಲ.

ಶನಿವಾರವೇ ಚಿಂಚೋಳಿಯಿಂದ ಮಗಳು ಪದ್ಮಜಾ ಗಂಡನೊಂದಿಗೆ ಬಂದಿಳಿದಳು. ಅಪ್ಪನ ಮೂಗಿನ ವಿಷಯ ಅವಳಿಗೂ ಗೊತ್ತಿಲ್ಲ. ಭಾನುವಾರ ನಸುಕಿನಲ್ಲೇ ತಾಯಿಯನ್ನು ಮಣೆಯ ಮೇಲೆ ಕೂರಿಸಿ ತಲೆ ತುಂಬ ಎಣ್ಣೆ ಒತ್ತಿದಳು. ಆಚಾರ್ಯರು ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ನೋಡಿ ಒಬ್ಬರೇ ಹೊರಟರು. “ಎಣ್ಣಿ ತಲಿ ಮ್ಯಾಲ, ಜೀವ ಹೊಟೇಲಿನಾಗ,” ಎಂದು ವೃಂದಾಬಾಯಿ ಈಗ ನಗುತ್ತಾ ಹೇಳುತ್ತಾರೆ. ಆಗ ನಗು ಬಂದಿರಲಿಲ್ಲ.

ಅಡುಗೆಮನೆಯಲ್ಲಿ ಮಾಣಿಕಪ್ಪನವರು ಬಾಗಿಲಿಗೇ ಕುರ್ಚಿ ಹಾಕಿ ಕೂತಿದ್ದರು. ಬಾಯಾರು ಎಲ್ಲಿ ಬಂದುಬಿಟ್ಟಾರೋ ಎಂಬ ಕಾವಲು. ಬೇಸರ ಕಳೆಯಲು ಆಚಾರ್ಯರೊಂದಿಗೆ ಹರಟೆ. ಆ ಮಾತಿಗೆ ಹೂಂ ಎನ್ನುತ್ತ, ಈ ಒಲೆಗೆ ತಿರುಗುತ್ತ, ಹುಳಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದು ಆಚಾರ್ಯರಿಗೆ ಮರೆತುಹೋಯಿತು. ಹಿಂದಾದರೆ ಬಗ್ಗಿ ಒಂದು ಉಸಿರು ಎಳೆದಿದ್ದರೆ ಸಾಕಿತ್ತು. ಎರಡು ಸಲ ಬಿದ್ದರೆ ಪಾತ್ರೆಯೆಲ್ಲ ಹಾಳು. ಹಾಕಿರಬೇಕು ಎಂದುಕೊಂಡು ಇಳಿಸಿಬಿಟ್ಟರು.

ಹನ್ನೆರಡೂವರೆಗೆ ವೃಂದಾಬಾಯಿ ಹಸಿರು ರೇಷ್ಮೆ ಸೀರೆಯುಟ್ಟು ಮುಂಬಾಗಿಲಿನಿಂದ ಬಂದರು. ಆ ಬಾಗಿಲು ದಾಟಿದ್ದು ಅದೇ ಮೊದಲ ಸಲ. ಬಫೆಯ ಉಸ್ತುವಾರಿಯ ಜಹಾಂಗೀರ ತಾಟು ಒರೆಸಿ ಕೈಗೆ ಕೊಟ್ಟು, “ಬರ್ರಿ ಬಾಯಾರ, ಲೈನಿಗೆ ನಿಂದರ್ರಿ, ಬೇಕಾದ್ದು ಹಾಕ್ಕೋರಿ,” ಎಂದ. “ನಮ್ಮ ಲಗ್ನದಾಗ ಕುಂದ್ರಿಸಿ ಬಡಿಸಿದ್ರಪ್ಪ, ಇಪ್ಪತ್ತೈದು ವರ್ಷಕ್ಕ ನಿಂದ್ರಿಸಿ ಬಡಿಸ್ತೀರಿ,” ಎಂದರು ವೃಂದಾಬಾಯಿ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಪಕ್ಕದಲ್ಲಿ ಆಚಾರ್ಯರು ಖಾಲಿ ತಾಟು ಹಿಡಿದು ಬೆವರುತ್ತಿದ್ದರು.

ಪಲ್ಯ ಸರಿಯಾಗಿತ್ತು, ಕೋಸಂಬರಿ ಸರಿಯಾಗಿತ್ತು. ಜಹಾಂಗೀರ ಹುಳಿಯ ಮುಚ್ಚಳ ತೆಗೆದ. ಹಬೆ ಮುಖಕ್ಕೆ ಬಂತು. ವೃಂದಾಬಾಯಿಯ ಕೈ ನಿಂತಿತು.

ಹಿಂದೆ ಹದಿನೈದಿಪ್ಪತ್ತು ಜನ ಕಾಯುತ್ತಿದ್ದಾರೆ. ಸುಮ್ಮನಿದ್ದರೆ ಗಂಡ ಮಾಡಿದ ಹುಳಿಯನ್ನು ಊರೇ ತಾಟಿನಲ್ಲಿ ಬಿಟ್ಟು ಏಳುತ್ತದೆ. ಮಾತಾಡಿದರೆ ಎರಡು ವರ್ಷದ ಗುಟ್ಟು ಹೊರಬೀಳುತ್ತದೆ. ವೃಂದಾಬಾಯಿ ತಾಟು ಕೆಳಗಿಟ್ಟರು.

“ಜಹಾಂಗೀರ, ಇದನ್ನ ಮುಚ್ಚಪ್ಪ. ಒಳಗ ಒಯ್ಯಿ.”

ರೇಷ್ಮೆ ಸೀರೆಯಲ್ಲೇ ಅಡುಗೆಮನೆಗೆ ನುಗ್ಗಿದರು. ಹಿಂದೆಯೇ ಗಾಬರಿಯಿಂದ ಮಾಣಿಕಪ್ಪನವರು, ಅವರ ಹಿಂದೆ ಆಚಾರ್ಯರು. ಮಾಣಿಕಪ್ಪನವರು ಒಂದು ಚಮಚ ಬಾಯಿಗೆ ಹಾಕಿಕೊಂಡು, “ಉಪ್ಪೇ ಇಲ್ಲಲ್ಲರಿ ಆಚಾರ್ರ! ಬಾಯಾರಿಗೆ ದೂರ ನಿಂತು ಗೊತ್ತಾತು. ನಿಮಗ ಹ್ಯಾಂಗ ಗೊತ್ತಾಗ್ಲಿಲ್ಲ?” ಎಂದರು.

ಹಣಮಪ್ಪ ಅಲ್ಲೇ ನಿಂತಿದ್ದ. ತಪ್ಪು ಅವನ ಮೇಲೆ ಹಾಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. “ಅದು ಏನಾತಂದ್ರ...” ಎಂದು ವೃಂದಾಬಾಯಿ ಏನೋ ಹೇಳಹೊರಟರು. ಆಚಾರ್ಯರು ತಡೆದರು.

“ನನಗ ವಾಸನಿ ಬರಂಗಿಲ್ಲ ಮಾಣಿಕಪ್ಪನೋರ. ಎರಡು ವರ್ಷಾತು. ನಿಮ್ಮ ಹೊಟೇಲಿನಾಗ ಮಂದಿ ಉಣ್ಲಿಕತ್ತಿದ್ದು ಈಕಿ ಮೂಗಿನ ಅಡಿಗಿ.”

ಮಾಣಿಕಪ್ಪನವರ ಮುಖ ಕೆಂಪಾಯಿತು. “ಎರಡು ವರ್ಷ ನನ್ನ ಕಡಿಂದ ಮುಚ್ಚಿದ್ರಿ?” ಎಂದಷ್ಟೇ ಕೇಳಿ ಗಲ್ಲಾಪೆಟ್ಟಿಗೆಯ ಕಡೆ ಹೊರಟುಹೋದರು.

ವೃಂದಾಬಾಯಿ ಹುಳಿಗೆ ಉಪ್ಪು ಹಾಕಿ ಕುದಿಸಿ, ಹಬೆ ನೋಡಿ ಹೊರಗೆ ಕಳಿಸಿದರು. ನಾಲ್ವರೂ ಮೂಲೆಯ ಟೇಬಲ್ಲಿಗೆ ಕೂತರು. ವಿಷಯ ಈಗಷ್ಟೇ ತಿಳಿದ ಪದ್ಮಜಾ ಕಣ್ಣೊರೆಸಿಕೊಳ್ಳುತ್ತಲೇ ಅಪ್ಪನಿಗೆ ಬಡಿಸಿದಳು. ಈ ಹೋಟೆಲಿನಲ್ಲಿ ತಾವೇ ಮಾಡಿದ ಅಡುಗೆಯನ್ನು ಆಚಾರ್ಯರು ಉಣ್ಣುತ್ತಿದ್ದದ್ದು ಅದೇ ಮೊದಲು. ಎರಡು ತುತ್ತು ಉಂಡು ಮೆಲ್ಲಗೆ ಕೇಳಿದರು:

“ಹ್ಯಾಂಗದ?”

ವೃಂದಾಬಾಯಿ ಒಂದೊಂದಾಗಿ ಹೇಳಿದರು. “ಹುಳಿಯಾಗ ಮೊದ್ಲ ಇಂಗು ಬರ್ತದರಿ, ಅದರ ಹಿಂದಿಂದ ಕರಿಬೇವು. ಬದನಿಕಾಯಾಗ ಗುರೆಳ್ಳು ಹದಕ್ಕ ಹುರದೀರಿ, ಒಂಚೂರೂ ಕಮರಿಲ್ಲ. ತುಪ್ಪ ನಿನ್ನಿ ಕಾಸಿದ್ದು. ಪಾಯಸದಾಗ ಯಾಲಕ್ಕಿ ಸ್ವಲ್ಪ ಜಾಸ್ತಿನೇ ಆಗ್ಯದ, ಆದ್ರ ಇರ್ಲಿ, ಇವತ್ತ ನಮ್ಮ ಲಗ್ನದ ದಿನ.” ಆಚಾರ್ಯರು ಕಣ್ಣು ಮುಚ್ಚಿ ಕೇಳುತ್ತ ಉಂಡರು. ನೌಕರಿ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆಯಲ್ಲೂ ಆ ದಿನ ಅವರು ಎರಡು ಸಲ ಅನ್ನ ಹಾಕಿಸಿಕೊಂಡರು.

ಕೈ ತೊಳೆದು ಬರುವಷ್ಟರಲ್ಲಿ ಮಾಣಿಕಪ್ಪನವರು ಬಾಗಿಲಲ್ಲಿ ನಿಂತಿದ್ದರು. “ಆಚಾರ್ರ, ನಾಳಿಂದ ನೀವು ಒಬ್ಬರ ನನ್ನ ಹೊಟೇಲಿಗೆ ಬರಬ್ಯಾಡ್ರಿ,” ಎಂದರು. ಆಚಾರ್ಯರು ಕೈಮುಗಿದುಬಿಟ್ಟರು. “ಪೂರಾ ಕೇಳ್ರಿ. ಒಬ್ಬರೇ ಬರಬ್ಯಾಡ್ರಿ ಅಂದೀನಿ. ಬಾಯಾರಿಗೂ ಪಗಾರ ಶುರು. ಇನ್ನ ಮ್ಯಾಲ ಕದ್ದು ಮೂಸಬ್ಯಾಡ್ರಿ, ರಾಜಾರೋಷ ಮೂಸ್ರಿ.”

ಈಗ ಹಣಮಪ್ಪನ ಎದುರಿಗೇ, ಗಟ್ಟಿ ದನಿಯಲ್ಲೇ ತೀರ್ಪು ಬರುತ್ತದೆ. ಬೆಳಗಿನ ನಾಲ್ಕೂವರೆಗೆ ಇಬ್ಬರೂ ಮನೆ ಬಿಡುತ್ತಾರೆ. ಇನ್ನೂ ಬಿಸಿಯೇರದ ರಸ್ತೆಯಲ್ಲಿ ಅರ್ಧ ಮೈಲಿ ನಡಿಗೆ. ಮಗಳ ಮಾತು, ಅಕ್ಕಿಯ ಮಾತು, ಏನೂ ಇಲ್ಲದಿದ್ದರೆ ಸುಮ್ಮನೆ ನಡೆಯುವುದು. ಡಾಕ್ಟರರು ಕೊಟ್ಟ ಔಷಧ ನಡೆದಿದೆ. ಮೊನ್ನೆ ಒಂದು ದಿನ ಆಚಾರ್ಯರಿಗೆ ಕರ್ಪೂರ ಸ್ವಲ್ಪ ಗೊತ್ತಾದಂತಾಯಿತಂತೆ.

ನಿಮಗೇನು ಆಸೆ ಎಂದು ಕೇಳಿದರೆ ವೃಂದಾಬಾಯಿ ಮೊದಲು ಗಂಡ ಹತ್ತಿರದಲ್ಲಿಲ್ಲವೆಂದು ನೋಡಿಕೊಳ್ಳುತ್ತಾರೆ.

“ಈ ಎರಡು ವರ್ಷದಾಗ ಇವರ ಜೋಡಿ ನಡದಷ್ಟು ಅದಕ್ಕ ಮೊದ್ಲ ಇಪ್ಪತ್ಮೂರು ವರ್ಷದಾಗ ನಡದಿಲ್ಲರಿ ನಾ. ಅವರ ಮೂಗು ಅವರಿಗೆ ವಾಪಸ್ ಬರ್ಲಿ ಅಂತ ದಿನಾ ದೇವರ ಮುಂದ ಕೇಳ್ಕೋತೀನಿ.” ಸೊಪ್ಪಿನ ಕಟ್ಟು ಬಿಚ್ಚುತ್ತ, ದನಿ ತಗ್ಗಿಸಿ ಹೇಳುತ್ತಾರೆ: “ಖರೇ ಹೇಳ್ಬೇಕಂದ್ರ, ಭಾಳ ಜೋರಲೇ ಕೇಳಂಗಿಲ್ಲ.”